ನಲವತ್ತು ಜನರ ಒಂದು ವೇಳಾಪಟ್ಟಿ: ಗುಂಪಿನಲ್ಲಿ ವಿದೇಶ ಪ್ರವಾಸ ಹೊರಡುವವರಿಗೆ

ಬಾಗಲಕೋಟೆಯ ನವನಗರದಲ್ಲಿ ನಿವೃತ್ತರೂ ಅವರ ಮನೆಯವರೂ ಸೇರಿದ್ದ ಒಂದು ಸಂಜೆಯ ಸಭೆಯಲ್ಲಿ ನಾನು ಆಡಿದ ಮಾತುಗಳನ್ನು, ಕೇಳಿದವರಲ್ಲಿ ಕೆಲವರು ಬರೆದುಕೊಡಿರೆಂದು ಒತ್ತಾಯಿಸಿದ್ದರಿಂದ, ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಆಡುವಾಗ ಬಿಟ್ಟುಹೋಗಿದ್ದ ಕೆಲವು ವಿವರಗಳನ್ನು ಸೇರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ನಮ್ಮ ಜಿಲ್ಲೆಯವರಿಗೆ ಪ್ರವಾಸಿ ಬಸ್ಸು ಹೊಸದಲ್ಲ. ಬೆಳಿಗ್ಗೆ ಬಾದಾಮಿಯ ಗುಹೆಗಳು, ಮಧ್ಯಾಹ್ನಕ್ಕೆ ಪಟ್ಟದಕಲ್ಲು, ಬಿಸಿಲು ಇಳಿಯುವ ಹೊತ್ತಿಗೆ ಐಹೊಳೆ ಎಂದು ಒಂದೇ ಹಗಲಿನಲ್ಲಿ ಮೂರನ್ನೂ ಮುಗಿಸಿ ಹೊರಟುಬಿಡುವ ಬಸ್ಸುಗಳನ್ನು ನಾವು ದಿನವೂ ನೋಡುತ್ತೇವೆ. ಮೂರನೆಯ ಗುಹೆಯ ಕಂಬಗಳ ಮೇಲಿನ ಶಿಲ್ಪವನ್ನು ಇನ್ನೂ ಕತ್ತೆತ್ತಿ ನೋಡುತ್ತಿರುವಾಗಲೇ ಮಾರ್ಗದರ್ಶಿಯ ಕೂಗು ಕೇಳಿ ದಡಬಡಿಸಿ ಮೆಟ್ಟಿಲು ಇಳಿಯುವ ಹೊರನಾಡಿನವರನ್ನು ಕಂಡು, ಇಷ್ಟು ದೂರ ಬಂದು ಇವರು ನೋಡಿದ್ದಾದರೂ ಏನೆಂದು ನಕ್ಕಿದ್ದೇವೆ. ಅದೇ ನಾವು ಪ್ಯಾರಿಸ್ಸಿಗೋ ಸಿಂಗಪುರಕ್ಕೋ ಗುಂಪಿನಲ್ಲಿ ಹೋದಾಗ ಆ ಮೆಟ್ಟಿಲು ಇಳಿಯುವವರ ಸಾಲಿನಲ್ಲಿ ನಾವೇ ಇರುತ್ತೇವೆ ಎಂಬುದು ಹಣ ಕಟ್ಟುವಾಗ ನೆನಪಾಗುವುದಿಲ್ಲ. ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿದ ನಾನು ನಿವೃತ್ತಿಯ ಅನಂತರ ನಾಲ್ಕು ಸಲ ಗುಂಪಿನ ಪ್ರವಾಸ ಮಾಡಿದ್ದೇನೆ: ಮೂರು ಸಲ ಯಜಮಾನರೊಡನೆ, ಕೊನೆಯ ಸಲ ಒಬ್ಬಳೇ. ಆ ನಾಲ್ಕರಿಂದ ನನಗೆ ಖಚಿತವಾದ ಸಂಗತಿ ಒಂದೇ. ಗುಂಪಿನ ಪ್ರವಾಸವೆಂದರೆ ನಲವತ್ತು ಜನ ಸೇರಿ ಒಂದು ವೇಳಾಪಟ್ಟಿಯನ್ನು ಕೊಂಡಂತೆ. ಕೊಂಡ ಮೇಲೆ ಅದು ಯಾರೊಬ್ಬರದೂ ಅಲ್ಲ. ಆದ್ದರಿಂದ ಕೊಳ್ಳುವ ಮೊದಲು ಅದನ್ನು ಸಾಲು ಸಾಲಾಗಿ ಓದಬೇಕು. ಇಲ್ಲಿಂದ ಮುಂದೆ ನಾನು ಹೇಳುವುದೆಲ್ಲ ಹೆಚ್ಚು ಕಡಿಮೆ ಆ ಓದಿನ ವಿಸ್ತರಣೆಯೇ.

ಪ್ರವಾಸ ಸಂಸ್ಥೆ ಕೊಡುವ ದಿನಚರಿಯ ಹಾಳೆಯಲ್ಲಿ ಬಣ್ಣದ ಚಿತ್ರಗಳಿಗಿಂತ ಕ್ರಿಯಾಪದಗಳನ್ನು ನೋಡಿರಿ. ಒಂದು ಸ್ಥಳದ ಮುಂದೆ ‘ಪ್ರವೇಶ ಸಹಿತ ಭೇಟಿ’ ಎಂದಿದ್ದರೆ ಟಿಕೆಟ್ಟಿನ ಹಣ ನೀವು ಕಟ್ಟಿದ ಮೊತ್ತದಲ್ಲಿ ಸೇರಿದೆ ಎಂದರ್ಥ. ‘ಫೋಟೋ ಸ್ಟಾಪ್’ ಎಂದಿದ್ದರೆ ಬಸ್ಸು ಹತ್ತು ಹದಿನೈದು ನಿಮಿಷ ನಿಲ್ಲುತ್ತದೆ, ನೀವು ಇಳಿದು ಹೊರಗಿನಿಂದ ಚಿತ್ರ ತೆಗೆದುಕೊಂಡು ಹತ್ತಬೇಕು. ‘ಓರಿಯೆಂಟೇಷನ್ ಟೂರ್’ ಅಥವಾ ‘ಪನೋರಮಿಕ್ ಟೂರ್’ ಎಂದಿದ್ದರೆ ಬಹುಪಾಲು ಕಿಟಕಿಯಿಂದಲೇ ನೋಡುವುದು. ಐಫೆಲ್ ಗೋಪುರವನ್ನೇ ತೆಗೆದುಕೊಳ್ಳಿರಿ. ಅದರ ಎರಡನೆಯ ಅಂತಸ್ತು ನೆಲದಿಂದ 116 ಮೀಟರ್ ಎತ್ತರದಲ್ಲಿದೆ, ತುದಿಯ ಮೂರನೆಯ ಅಂತಸ್ತು 276 ಮೀಟರ್ ಎತ್ತರದಲ್ಲಿದೆ. ಅನೇಕ ಗುಂಪುಗಳ ಟಿಕೆಟ್ಟು ಎರಡನೆಯ ಅಂತಸ್ತಿಗೇ ಮುಗಿಯುತ್ತದೆ. ಹಾಳೆಯಲ್ಲಿ ಅದನ್ನು ಬರೆದೂ ಇರುತ್ತಾರೆ. ಲಿಫ್ಟಿನ ಬಾಗಿಲಲ್ಲಿ ನಿಂತು ಮೋಸವಾಯಿತೆಂದು ಜಗಳಕ್ಕೆ ಇಳಿಯುವವರು ಆ ಸಾಲನ್ನು ಓದಿರುವುದಿಲ್ಲ, ಅಷ್ಟೇ.

ದಿನಗಳ ಲೆಕ್ಕವನ್ನೂ ಹೀಗೆಯೇ ಬಿಡಿಸಿ ನೋಡಬೇಕು. ಹತ್ತು ಹಗಲು ಒಂಬತ್ತು ರಾತ್ರಿಯ ಪ್ರವಾಸದಲ್ಲಿ ಮೊದಲ ದಿನವೂ ಕೊನೆಯ ದಿನವೂ ವಿಮಾನಕ್ಕೇ ಹೋಗುತ್ತವೆ. ಉಳಿದವುಗಳಲ್ಲಿ ಒಂದು ದೇಶದಿಂದ ಇನ್ನೊಂದಕ್ಕೆ ಐದಾರು ಗಂಟೆ ಬಸ್ಸಿನಲ್ಲಿ ಕೂರುವ ದಿನಗಳು ಎಷ್ಟು, ಒಂದೇ ಊರಿನಲ್ಲಿ ಎರಡು ರಾತ್ರಿ ತಂಗುವುದು ಎಷ್ಟು ಕಡೆ ಎಂದು ಪೆನ್ಸಿಲ್ ಹಿಡಿದು ಗುರುತು ಹಾಕಿರಿ. ಏಳು ದೇಶ ಎಂದು ದೊಡ್ಡ ಅಕ್ಷರದಲ್ಲಿ ಬರೆದ ಹಾಳೆಗಿಂತ ಮೂರು ದೇಶದ ಹಾಳೆ ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ. ತಿಂಗಳು ಮತ್ತು ವಾರಗಳನ್ನೂ ಹೊಂದಿಸಿ ನೋಡಿರಿ. ಹಾಲೆಂಡಿನ ಕ್ಯುಕೆನ್‌ಹೋಫ್ ಎಂಬ ಟ್ಯೂಲಿಪ್ ತೋಟ ಮಾರ್ಚ್ ನಡುವಿನಿಂದ ಮೇ ನಡುವಿನವರೆಗೆ, ಸುಮಾರು ಎಂಟು ವಾರ ಮಾತ್ರ ತೆರೆದಿರುತ್ತದೆ. ಜೂನಿನಲ್ಲಿ ಹೋಗುವವರಿಗೆ ಮುಖಪುಟದ ಆ ಹೂವುಗಳು ಸಿಗುವುದಿಲ್ಲ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯಕ್ಕೆ ಮಂಗಳವಾರ ರಜೆ.

ಹೋಟೆಲಿನ ವಿಷಯದಲ್ಲಿ ನಾನು ಒಮ್ಮೆ ಕೆಟ್ಟಿದ್ದೇನೆ. ಪ್ಯಾರಿಸ್ಸಿನಲ್ಲಿ ವಾಸ್ತವ್ಯ ಎಂದು ಹಾಳೆಯಲ್ಲಿತ್ತು. ಹೋಗಿ ನೋಡಿದರೆ ನಗರದಿಂದ ಮೂವತ್ತು ಕಿಲೋಮೀಟರಿಗೂ ಆಚೆ ಹೆದ್ದಾರಿಯ ಬದಿಯಲ್ಲಿ, ಸುತ್ತ ಗೋದಾಮುಗಳ ನಡುವೆ ನಮ್ಮ ಹೋಟೆಲು. ಸಂಜೆ ಊಟದ ಅನಂತರ ಒಂದಿಷ್ಟು ನಡೆದಾಡಿ ಬರೋಣವೆಂದರೆ ನಡೆಯಲು ಲಾರಿಗಳ ನಿಲ್ದಾಣ ಬಿಟ್ಟು ಬೇರೆ ಜಾಗವಿರಲಿಲ್ಲ. ಆ ಸಂಸ್ಥೆಯವರನ್ನು ಕೇಳಿದಾಗ, ‘ಪ್ಯಾರಿಸ್ ಅಥವಾ ಸುತ್ತಮುತ್ತ’ ಎಂದು ಷರತ್ತಿನ ಪುಟದಲ್ಲಿ ಬರೆದದ್ದನ್ನು ತೋರಿಸಿದರು. ಅಂದಿನಿಂದ ಹೋಟೆಲುಗಳ ಹೆಸರನ್ನು, ಹೆಸರು ನಿಶ್ಚಯವಾಗಿರದಿದ್ದರೆ ಕಳೆದ ತಂಡ ತಂಗಿದ್ದ ಹೋಟೆಲುಗಳ ಹೆಸರನ್ನು, ಕೇಳಿ ಪಡೆದು ನಕ್ಷೆಯಲ್ಲಿ ಹುಡುಕದೆ ನಾನು ಮುಂಗಡ ಕೊಡುವುದಿಲ್ಲ.

ಇನ್ನು ಬಸ್ಸಿನ ಚಾಲಕ. ಯುರೋಪಿನ ಪ್ರವಾಸದಲ್ಲಿ ನಮ್ಮವರಿಗೆ ಅತಿ ಹೆಚ್ಚು ಸಿಟ್ಟು ಬರಿಸುವ ವ್ಯಕ್ತಿ ಇವನೇ, ಅತಿ ಕಡಿಮೆ ತಪ್ಪು ಮಾಡುವವನೂ ಇವನೇ. ನಮ್ಮ ಮೊದಲ ಯುರೋಪ್ ಪ್ರವಾಸದಲ್ಲಿ, ಇನ್ನು ಅರ್ಧ ಗಂಟೆಯಲ್ಲಿ ಹೋಟೆಲು ಸೇರಬಹುದು ಎನ್ನುವಾಗ ಚಾಲಕನು ಬಸ್ಸನ್ನು ಹೆದ್ದಾರಿಯ ತಂಗುದಾಣಕ್ಕೆ ತಿರುಗಿಸಿ ಎಂಜಿನ್ ಆರಿಸಿ ಮುಕ್ಕಾಲು ಗಂಟೆ ಸುಮ್ಮನೆ ಕುಳಿತನು. ಬಸ್ಸಿನೊಳಗೆ ಗದ್ದಲವೆದ್ದಿತು. ಹುಬ್ಬಳ್ಳಿಯಿಂದ ಮುಂಬಯಿಗೆ ಒಂದೇ ಉಸಿರಿನಲ್ಲಿ ಓಡಿಸುವ ನಮ್ಮ ಚಾಲಕರ ಉದಾಹರಣೆಯನ್ನೂ ಯಾರೋ ಕೊಟ್ಟರು. ಆಗ ಟೂರ್ ಮ್ಯಾನೇಜರ್ ವಿವರಿಸಿದ ನಿಯಮವನ್ನು ನಾನು ಅಂದೇ ಬರೆದಿಟ್ಟುಕೊಂಡೆ. ಐರೋಪ್ಯ ಒಕ್ಕೂಟದ 2006ರ ಕಾನೂನಿನ ಪ್ರಕಾರ ನಾಲ್ಕೂವರೆ ಗಂಟೆ ಓಡಿಸಿದ ಚಾಲಕನು 45 ನಿಮಿಷ ವಿರಮಿಸಲೇಬೇಕು. ದಿನಕ್ಕೆ ಒಟ್ಟು ಓಡಿಸುವುದು 9 ಗಂಟೆ ಮೀರಬಾರದು, ವಾರಕ್ಕೆ ಎರಡು ದಿನ ಮಾತ್ರ 10 ಗಂಟೆಯವರೆಗೆ ಅವಕಾಶವುಂಟು. ರಾತ್ರಿಯ ವಿಶ್ರಾಂತಿ ಸಾಮಾನ್ಯವಾಗಿ 11 ಗಂಟೆ ಇರಬೇಕು. ಇವೆಲ್ಲವನ್ನೂ ಟ್ಯಾಕೋಗ್ರಾಫ್ ಎಂಬ ಯಂತ್ರ ನಿಮಿಷದ ಲೆಕ್ಕದಲ್ಲಿ ದಾಖಲಿಸುತ್ತದೆ, ಪೊಲೀಸರು ರಸ್ತೆಯಲ್ಲಿ ನಿಲ್ಲಿಸಿ ಅದನ್ನು ತಪಾಸಣೆ ಮಾಡುತ್ತಾರೆ, ಮೀರಿದ್ದರೆ ದಂಡ ಬೀಳುತ್ತದೆ.

ಈ ಲೆಕ್ಕವನ್ನು ಒಮ್ಮೆ ಅರಿತುಕೊಂಡರೆ ಬೆಳಗಿನ ಅರ್ಧ ಗಂಟೆಯ ಬೆಲೆ ತಿಳಿಯುತ್ತದೆ. ಒಬ್ಬರು ಕೊಠಡಿಯಲ್ಲಿ ಚಾರ್ಜರ್ ಮರೆತು ಮೇಲೆ ಹೋಗಿ, ಇನ್ನೊಬ್ಬರು ಚಹಾ ಮುಗಿಸದೆ ಏಳದೆ, ಎಂಟಕ್ಕೆ ಹೊರಡಬೇಕಾದ ಬಸ್ಸು ಎಂಟೂವರೆಗೆ ಹೊರಟಿತೆನ್ನಿರಿ. ಆ ಅರ್ಧ ಗಂಟೆಯನ್ನು ಚಾಲಕನು ರಾತ್ರಿ ಹೆಚ್ಚು ಓಡಿಸಿ ತುಂಬಿಕೊಡಲಾರನು, ಏಕೆಂದರೆ ಮರುದಿನದ ಹೊರಡುವ ವೇಳೆಯೇ ಅಷ್ಟು ಮುಂದೆ ಹೋಗುತ್ತದೆ. ಕೊನೆಗೆ ಅದು ಕಡಿತವಾಗುವುದು ನೀವು ನೋಡಬೇಕೆಂದು ಬಂದ ಸ್ಥಳದಲ್ಲಿಯೇ. ನಮ್ಮ ಗುಂಪಿನಲ್ಲಿ ಶಾಫ್‌ಹೌಸನ್ ಬಳಿಯ ರೈನ್ ಜಲಪಾತಕ್ಕೆ ಒಂದೂವರೆ ಗಂಟೆ ಇದ್ದದ್ದು ಮುಕ್ಕಾಲು ಗಂಟೆಯಾಯಿತು. ನೀರಿನ ಸನಿಹಕ್ಕೆ ಒಯ್ಯುವ ದೋಣಿಯನ್ನು ದಡದಿಂದಲೇ ನೋಡಿ ಹಿಂದಿರುಗಿದೆವು. ತಡಮಾಡಿದವರು ಯಾರೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳಲಿಲ್ಲ. ಹೇಳಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಹಣದ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. ಜಾಹೀರಾತಿನ ಮೊತ್ತದ ಮೇಲೆ ಜಿಎಸ್‌ಟಿ, ಟಿಸಿಎಸ್, ವೀಸಾ ಶುಲ್ಕ, ಟಿಪ್ಸ್, ಕೆಲವು ಊರುಗಳ ಪ್ರವಾಸಿ ತೆರಿಗೆ ಇವು ಸೇರಿವೆಯೇ ಎಂದು ಬರಹದಲ್ಲಿ ಕೇಳಿರಿ. ಟಿಸಿಎಸ್ ಎಂದರೆ ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ ಸಂಸ್ಥೆಯು ನಿಮ್ಮಿಂದ ಸಂಗ್ರಹಿಸಿ ನಿಮ್ಮ ಪ್ಯಾನ್ ಸಂಖ್ಯೆಯ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟುವ ಮುಂಗಡ ತೆರಿಗೆ. ಅದರ ದರವು ಬಜೆಟ್ಟಿನೊಡನೆ ಬದಲಾಗುತ್ತಿರುತ್ತದೆ. ಆದರೆ ಆದಾಯ ತೆರಿಗೆಯ ವಿವರ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು, ಹೆಚ್ಚಾಗಿದ್ದರೆ ಮರಳಿ ಪಡೆಯಬಹುದು. ತೆರಿಗೆ ಕಟ್ಟುವಷ್ಟು ಆದಾಯವಿಲ್ಲದ ಅನೇಕ ಪಿಂಚಣಿದಾರರು ವಿವರವನ್ನೇ ಸಲ್ಲಿಸದೆ ಈ ಹಣವನ್ನು ಬಿಟ್ಟುಬಿಡುತ್ತಾರೆ. ಪ್ರವಾಸ ರದ್ದಾದರೆ ಎಷ್ಟು ದಿನ ಮೊದಲು ಎಷ್ಟು ಮುರಿದುಕೊಳ್ಳುತ್ತಾರೆ ಎಂಬ ಪಟ್ಟಿಯನ್ನೂ, ವೀಸಾ ನಿರಾಕರಣೆಯಾದರೆ ಏನು ಗತಿ ಎಂಬ ಸಾಲನ್ನೂ ಸಹಿ ಹಾಕುವ ಮೊದಲೇ ಓದಿರಿ. ವಿದೇಶಿ ನೋಟುಗಳನ್ನು ಒಂದು ಪ್ರವಾಸಕ್ಕೆ 3,000 ಅಮೆರಿಕನ್ ಡಾಲರಿಗೆ ಸಮನಾದಷ್ಟು ಒಯ್ಯಲು ಸಾಮಾನ್ಯವಾಗಿ ಅವಕಾಶವಿದೆ. ಗುಂಪಿನ ಪ್ರವಾಸದಲ್ಲಿ ಅದರ ಕಾಲು ಭಾಗವೂ ಬೇಕಾಗುವುದಿಲ್ಲ. ಉಳಿದದ್ದು ಫಾರೆಕ್ಸ್ ಕಾರ್ಡಿನಲ್ಲಿ, ಅಂದರೆ ವಿದೇಶಿ ಹಣವನ್ನು ಮೊದಲೇ ತುಂಬಿಸಿಕೊಂಡ ಕಾರ್ಡಿನಲ್ಲಿ, ಇರಲಿ. ಅಂಗಡಿಯ ಯಂತ್ರವು ರೂಪಾಯಿಯಲ್ಲಿ ಕೊಡುವಿರೋ ಸ್ಥಳೀಯ ಹಣದಲ್ಲಿ ಕೊಡುವಿರೋ ಎಂದು ಕೇಳಿದರೆ ಸ್ಥಳೀಯ ಹಣವನ್ನೇ ಒತ್ತಿರಿ. ರೂಪಾಯಿಯನ್ನು ಆರಿಸಿದರೆ ವಿನಿಮಯದ ದರವನ್ನು ಅಂಗಡಿಯ ಕಡೆಯವರು ನಿಗದಿ ಮಾಡುತ್ತಾರೆ, ಅದು ನಿಮಗೆ ಅಗ್ಗವಾಗಿರುವುದು ಅಪರೂಪ. ಯೂರೋ ಚಿಲ್ಲರೆಯನ್ನು ಮಾತ್ರ ಒಂದಿಷ್ಟು ಜೇಬಿನಲ್ಲಿ ಇಟ್ಟುಕೊಳ್ಳಿರಿ, ಏಕೆಂದರೆ ಹೆದ್ದಾರಿಯ ಅನೇಕ ಶೌಚಾಲಯಗಳಲ್ಲಿ ಬಾಗಿಲು ತೆರೆಯುವುದು ನಾಣ್ಯ ಹಾಕಿದ ಮೇಲೆಯೇ.

ಕಾಗದಪತ್ರಗಳಲ್ಲಿ ನಮ್ಮ ಭಾಗದವರು ಎಡವುವುದು ಹೆಸರಿನಲ್ಲಿ. ನಮ್ಮಲ್ಲಿ ಸ್ವಂತ ಹೆಸರು, ತಂದೆಯ ಇಲ್ಲವೆ ಗಂಡನ ಹೆಸರು, ಅಡ್ಡಹೆಸರು ಎಂದು ಮೂರು ಭಾಗಗಳಿರುತ್ತವೆ. ಆಧಾರಿನಲ್ಲಿ ಒಂದು ಕ್ರಮ, ಪ್ಯಾನಿನಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರೇ ಇಲ್ಲ ಎಂಬಂಥ ಸ್ಥಿತಿ ಸಾಮಾನ್ಯ. ವಿಮಾನದ ಟಿಕೆಟ್ಟು, ವೀಸಾ, ವಿಮೆ ಮೂರೂ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ, ಅಕ್ಷರ ತಪ್ಪದೆ ಇರಬೇಕು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇದ್ದವರು ವಿಶೇಷವಾಗಿ ಎಚ್ಚರದಿಂದಿರಬೇಕು. ಸಂಯುಕ್ತ ಅರಬ್ ಎಮಿರೇಟ್ಸ್ 2022ರ ನವೆಂಬರಿನಲ್ಲಿ ಅಂಥವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶವಿಲ್ಲವೆಂದು ಸಾರಿತು, ಬಳಿಕ ತಂದೆಯ ಹೆಸರು ಇಲ್ಲವೆ ಮನೆತನದ ಹೆಸರು ಎರಡನೆಯ ಪುಟದಲ್ಲಿ ಇದ್ದರೆ ಒಪ್ಪುವುದಾಗಿ ಸಡಿಲಿಸಿತು. ದುಬೈ ಪ್ರವಾಸಕ್ಕೆ ಹಣ ಕಟ್ಟುವ ಮೊದಲೇ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿ ಹೆಸರನ್ನು ಸರಿಪಡಿಸಿಕೊಳ್ಳುವುದು ಉಳಿದೆಲ್ಲ ಉಪಾಯಗಳಿಗಿಂತ ಸುಲಭ. ಅವಧಿಯ ವಿಷಯದಲ್ಲಿ, ಮರಳುವ ದಿನದಿಂದ ಇನ್ನೂ ಆರು ತಿಂಗಳು ಉಳಿದಿರುವ ಪಾಸ್‌ಪೋರ್ಟ್ ಇದ್ದರೆ ಎಲ್ಲಿಯೂ ತಕರಾರು ಬರುವುದಿಲ್ಲ.

ಯುರೋಪಿನ ಷೆಂಗೆನ್ ವೀಸಾ ಒಂದನ್ನು ಪಡೆದರೆ ಈಗ 29 ದೇಶಗಳಲ್ಲಿ ಓಡಾಡಬಹುದು. 180 ದಿನಗಳ ಅವಧಿಯಲ್ಲಿ 90 ದಿನಕ್ಕೆ ಮೀರದಂತೆ ಎಂಬುದು ಷರತ್ತು. ಸ್ವಿಟ್ಜರ್ಲೆಂಡ್ ಐರೋಪ್ಯ ಒಕ್ಕೂಟದಲ್ಲಿ ಇಲ್ಲದಿದ್ದರೂ ಈ ವೀಸಾದಲ್ಲಿ ಸೇರಿದೆ, ಲಂಡನ್ ಸೇರಿಲ್ಲ. ಲಂಡನ್ ಕೂಡಿಸಿದ ಪ್ಯಾಕೇಜಿಗೆ ಎರಡು ವೀಸಾ, ಎರಡು ಶುಲ್ಕ, ಎರಡು ಸಲ ಬೆರಳಚ್ಚು ಎಂದು ತಿಳಿಯಿರಿ. ಷೆಂಗೆನ್ ಶುಲ್ಕವು 2024ರ ಜೂನ್ 11ರಿಂದ ವಯಸ್ಕರಿಗೆ 90 ಯೂರೋ ಆಗಿದೆ, ವೀಸಾ ಸಿಗದಿದ್ದರೂ ಅದು ಮರಳುವುದಿಲ್ಲ. ಅರ್ಜಿಯನ್ನು ಪ್ರವಾಸಕ್ಕೆ ಆರು ತಿಂಗಳು ಮೊದಲಿನಿಂದ ಕೊಡಬಹುದು, ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೆ ಹಿಡಿಯುತ್ತದೆ. ಬೇಸಿಗೆಯ ಗುಂಪುಗಳ ಅರ್ಜಿಗಳು ಒಮ್ಮೆಲೇ ಬೀಳುವುದರಿಂದ ಬೆರಳಚ್ಚಿನ ಸರದಿಯೇ ಸಿಗದೆ ಪರದಾಡಿದವರನ್ನು ನಾನು ನೋಡಿದ್ದೇನೆ. ಆದ್ದರಿಂದ ಮೇ ತಿಂಗಳ ಪ್ರವಾಸಕ್ಕೆ ಸಂಕ್ರಾಂತಿಯ ಹೊತ್ತಿಗೇ ಕಾಗದಗಳು ಸಿದ್ಧವಾಗಿರಲಿ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ, ಅದನ್ನು ಸಂಸ್ಥೆಯವರೇ ಮಾಡಿಸುತ್ತಾರೆ. ಆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯಕ್ಕೆ ಹಾಕಿಸಿಕೊಂಡ ಸ್ಟೆಂಟ್ ಮೊದಲಾದ ಹಳೆಯ ತೊಂದರೆಗಳನ್ನು ಆ ಪಾಲಿಸಿ ಒಪ್ಪುತ್ತದೆಯೇ ಎಂದು ಸಂಸ್ಥೆಯವರು ತಾವಾಗಿ ಹೇಳುವುದಿಲ್ಲ. ಅರವತ್ತು ದಾಟಿದವರು ಈ ಒಂದು ಪ್ರಶ್ನೆಗೆ ಬರಹದ ಉತ್ತರವಿಲ್ಲದೆ ವಿಮಾನ ಹತ್ತಬಾರದು. ರೋಗವನ್ನು ಮುಚ್ಚಿಟ್ಟು ವಿಮೆ ಮಾಡಿಸಿದರೆ ಕಂತು ಕಡಿಮೆಯಾಗಬಹುದು, ಆದರೆ ಆಸ್ಪತ್ರೆಯ ಬಿಲ್ಲು ಬಂದ ದಿನ ಪಾಲಿಸಿ ಬರಿಯ ಹಾಳೆಯಾಗಿ ಉಳಿಯುತ್ತದೆ.

ಗುಂಪು ಕೂಡುವುದು ಬಹುತೇಕ ಮುಂಬಯಿ ಇಲ್ಲವೆ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ. ಬಾಗಲಕೋಟೆಯಿಂದ ಅಲ್ಲಿಯವರೆಗಿನ ಹೊಣೆ ನಿಮ್ಮದೇ. ರಾತ್ರಿಯ ರೈಲು ಹಿಡಿದು ಬೆಳಿಗ್ಗೆ ಇಳಿದು ಮಧ್ಯಾಹ್ನದ ವಿಮಾನ ಹತ್ತುವ ಧೈರ್ಯವನ್ನು ದಯವಿಟ್ಟು ಮಾಡಬೇಡಿರಿ. ಗುಂಪಿನ ಟಿಕೆಟ್ಟಿನಲ್ಲಿ ಒಬ್ಬರು ಹಿಂದೆ ಉಳಿದರೆ ಅವರಿಗಾಗಿ ವಿಮಾನ ಕಾಯುವುದಿಲ್ಲ, ಮರುದಿನದ ಟಿಕೆಟ್ಟಿನ ಹಣವನ್ನೂ ಯಾರೂ ಕೊಡುವುದಿಲ್ಲ. ಒಂದು ದಿನ ಮೊದಲೇ ಹೋಗಿ ನೆಂಟರ ಮನೆಯಲ್ಲೋ ಹೋಟೆಲಿನಲ್ಲೋ ಉಳಿಯಿರಿ.

ಈಗ ಚೀಲದ ಮಾತಿಗೆ ಬರೋಣ. ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನಮ್ಮವರ ಚೀಲದಲ್ಲಿ ಬಟ್ಟೆಗಿಂತ ಬುತ್ತಿಯೇ ಹೆಚ್ಚು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ ಇವುಗಳಷ್ಟು ಪ್ರಯಾಣಕ್ಕೆ ಹೇಳಿ ಮಾಡಿಸಿದ ತಿನಿಸು ಇನ್ನೊಂದಿಲ್ಲ. ಹಾಲು ಮಾಂಸ ತಾಗದ ಇಂಥ ಒಣ ತಿನಿಸಿಗೆ ಯುರೋಪಿನ ಕಸ್ಟಮ್ಸಿನಲ್ಲಿ ನನಗೆ ಒಮ್ಮೆಯೂ ತೊಂದರೆಯಾಗಿಲ್ಲ. ತೊಂದರೆ ಬರುವುದು ಬೇರೆ ನಾಲ್ಕು ಪದಾರ್ಥಗಳಿಂದ. ಮೊದಲನೆಯದು ಒಣ ಕೊಬ್ಬರಿ. ಎಣ್ಣೆಯಂಶ ಹೆಚ್ಚಿರುವ ಕೊಬ್ಬರಿ ತನ್ನಷ್ಟಕ್ಕೆ ಕಾವು ಏರಿ ಹೊತ್ತಿಕೊಳ್ಳಬಲ್ಲದು ಎಂಬ ಕಾರಣಕ್ಕೆ ಅದನ್ನು ಅಪಾಯಕಾರಿ ಸರಕಿನ ಪಟ್ಟಿಯಲ್ಲಿ ಸೇರಿಸಿದ್ದಾರೆ, ಲಗೇಜಿಗೆ ಹಾಕುವ ಚೀಲದಲ್ಲಿ ಕಂಡರೆ ತೆಗೆಸುತ್ತಾರೆ. ದೇವರ ಪ್ರಸಾದದ ಗಿಟಕು ಕೊಬ್ಬರಿಯೂ ಇದಕ್ಕೆ ಹೊರತಲ್ಲ. ಎರಡನೆಯದು ಹಾಲಿನ ಸಿಹಿ. ಐರೋಪ್ಯ ಒಕ್ಕೂಟವೂ ಸ್ವಿಟ್ಜರ್ಲೆಂಡೂ ಹೊರದೇಶದಿಂದ ಬರುವ ಪ್ರಯಾಣಿಕರ ಚೀಲದಲ್ಲಿ ಮಾಂಸವನ್ನೂ ಹಾಲಿನ ಪದಾರ್ಥಗಳನ್ನೂ ಬಿಡುವುದಿಲ್ಲ, ಪಶುರೋಗ ಹರಡುವ ಭಯ ಅವರಿಗೆ. ಹಾಗಾಗಿ ಬೆಳಗಾವಿಯ ಕುಂದಾ, ಧಾರವಾಡದ ಪೇಡೆ, ಮನೆಯ ತುಪ್ಪ ಇವು ಅಲ್ಲಿನ ಮಗಳ ಮನೆಗೆಂದು ಕಟ್ಟಿದ್ದರೂ ಊರಲ್ಲಿಯೇ ಉಳಿಯಬೇಕು. ಮೂರನೆಯದು ಗಸಗಸೆ. ಸಿಂಗಪುರ ಮತ್ತು ಎಮಿರೇಟ್ಸ್ ದೇಶಗಳಲ್ಲಿ ಅದು ಅಫೀಮಿನ ಗಿಡದ ಬೀಜವೆಂದು ನಿಷಿದ್ಧ, ಮಾದಕ ವಸ್ತುವಿನ ಕಾನೂನಿನಡಿ ಬರುತ್ತದೆ. ಅಮೀನಗಡದ ಕರದಂಟು ಒಯ್ಯುವವರು ಅದರಲ್ಲಿ ಗಸಗಸೆ ಹಾಕಿದ್ದಾರೆಯೇ ಎಂದು ಅಂಗಡಿಯಲ್ಲಿಯೇ ಕೇಳಿ ತಿಳಿದುಕೊಳ್ಳಿರಿ, ಸಂಶಯವಿದ್ದರೆ ಬಿಟ್ಟುಬಿಡಿರಿ. ನಾಲ್ಕನೆಯದನ್ನು ಗಂಡಸರಿಗಾಗಿ ಹೇಳುತ್ತೇನೆ: ಅಗಿಯುವ ತಂಬಾಕು ಸಿಂಗಪುರದಲ್ಲಿ ಜೇಬಿನಲ್ಲಿ ಇದ್ದರೂ ಅಪರಾಧ.

ಉಪ್ಪಿನಕಾಯಿ, ಎಣ್ಣೆ ಕಲಸಿದ ಚಟ್ನಿ, ಕೇಶತೈಲ ಇವು ದ್ರವದ ಲೆಕ್ಕದಲ್ಲಿ ಬರುವುದರಿಂದ 100 ಮಿಲಿಲೀಟರಿಗಿಂತ ದೊಡ್ಡ ಡಬ್ಬಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಪವರ್ ಬ್ಯಾಂಕ್ ಇದಕ್ಕೆ ತಿರುಗುಮುರುಗು, ಅದು ಕೈಚೀಲದಲ್ಲಿಯೇ ಇರಬೇಕು, ಲಗೇಜಿನಲ್ಲಿ ಇರಕೂಡದು. ಸೀರೆ ಉಡುವವರಿಗೆ ಒಂದು ಮಾತು. ಇಳಕಲ್ ಸೀರೆಯನ್ನು ನಾನೂ ಒಯ್ದಿದ್ದೆ, ಐಫೆಲ್ ಗೋಪುರದ ಕೆಳಗೆ ನಿಂತು ಚಿತ್ರವನ್ನೂ ತೆಗೆಸಿಕೊಂಡೆ. ಆದರೆ ಚಲಿಸುವ ಮೆಟ್ಟಿಲಿನ ಹಲ್ಲಿಗೆ ನೆರಿಗೆ ಸಿಕ್ಕರೆ ಏನಾಗುತ್ತದೆ ಎಂಬುದನ್ನು ನಮ್ಮ ಗುಂಪಿನ ಒಬ್ಬರಲ್ಲಿ ಕಣ್ಣಾರೆ ಕಂಡ ಮೇಲೆ ಓಡಾಟದ ದಿನಗಳಿಗೆ ಚೂಡಿದಾರವೇ ಸರಿ ಎಂದು ಒಪ್ಪಿಕೊಂಡಿದ್ದೇನೆ.

ದಿನನಿತ್ಯದ ಔಷಧಿಗಳನ್ನು ಪ್ರವಾಸದ ದಿನಗಳಿಗಿಂತ ಒಂದು ವಾರ ಹೆಚ್ಚಾಗಿ, ವೈದ್ಯರ ಚೀಟಿಯೊಡನೆ, ಕೈಚೀಲದಲ್ಲಿಯೇ ಇಟ್ಟುಕೊಳ್ಳಿರಿ. ಚೀಟಿಯಲ್ಲಿ ಕಂಪನಿಯ ಹೆಸರಿನ ಬದಲು ಔಷಧದ ಮೂಲ ಹೆಸರು ಇರುವಂತೆ ವೈದ್ಯರನ್ನು ಕೇಳಿರಿ. ನಮ್ಮಲ್ಲಿ ಸಿಗುವ ಕೆಲವು ನೋವಿನ ಮಾತ್ರೆ ಮತ್ತು ಕೆಮ್ಮಿನ ಔಷಧಗಳಲ್ಲಿನ ಟ್ರಾಮಡಾಲ್, ಕೊಡೀನ್ ಎಂಬ ಅಂಶಗಳು ದುಬೈಯಲ್ಲಿ ನಿಯಂತ್ರಿತ ಪಟ್ಟಿಯಲ್ಲಿವೆ, ಮುಂಚಿತ ಅನುಮತಿ ಇಲ್ಲದೆ ಒಯ್ಯುವಂತಿಲ್ಲ. ನಡಿಗೆಯ ಮಾತು ಇನ್ನೂ ಮುಖ್ಯ. ರೋಮ್, ಫ್ಲಾರೆನ್ಸ್ ನಗರಗಳ ಹಳೆಯ ಕೇರಿಗಳೊಳಗೆ ಪ್ರವಾಸಿ ಬಸ್ಸನ್ನು ಬಿಡುವುದಿಲ್ಲ. ಇಳಿದ ಜಾಗದಿಂದ ನೋಡುವ ಜಾಗಕ್ಕೆ ಕಲ್ಲುಹಾಸಿನ ಮೇಲೆ ನಡೆದೇ ಹೋಗಬೇಕು, ದಿನಕ್ಕೆ ಆರೇಳು ಕಿಲೋಮೀಟರ್ ಆಗುವುದು ಸಾಮಾನ್ಯ. ಹೊರಡುವ ಎರಡು ತಿಂಗಳು ಮೊದಲಿನಿಂದ ನವನಗರದ ಅಗಲ ರಸ್ತೆಗಳಲ್ಲಿ ಬೆಳಿಗ್ಗೆ ನಡೆಯಿರಿ, ಒಯ್ಯುವ ಬೂಟನ್ನೇ ಹಾಕಿಕೊಂಡು ನಡೆಯಿರಿ. ಹೊಸ ಬೂಟನ್ನು ವಿಮಾನ ನಿಲ್ದಾಣದಲ್ಲಿ ಮೊದಲ ಸಲ ಮೆಟ್ಟಿದವರ ಹಿಮ್ಮಡಿಗೆ ಮೂರನೆಯ ದಿನ ಬ್ಯಾಂಡೇಜು ಬಿದ್ದಿರುತ್ತದೆ.

ಸ್ವಿಟ್ಜರ್ಲೆಂಡಿನ ಹಿಮಶಿಖರಗಳಿಗೆ ಹೋಗುವವರು ಎತ್ತರದ ಲೆಕ್ಕವನ್ನು ತಿಳಿದಿರಬೇಕು. ಯುಂಗ್‌ಫ್ರಾಯೋಕ್ ರೈಲು ನಿಲ್ದಾಣ ಸಮುದ್ರಮಟ್ಟದಿಂದ 3,454 ಮೀಟರ್ ಎತ್ತರದಲ್ಲಿದೆ, ಟಿಟ್ಲಿಸ್ ಕೇಬಲ್ ಕಾರಿನ ತುದಿ ಸುಮಾರು 3,020 ಮೀಟರ್. ಆರುನೂರು ಮೀಟರಿಗಿಂತ ಕೆಳಗಿರುವ ಬಾಗಲಕೋಟೆಯ ಉಸಿರಿಗೆ ಅಭ್ಯಾಸವಾದ ದೇಹವನ್ನು ಎರಡು ಗಂಟೆಯೊಳಗೆ ಅಲ್ಲಿಗೆ ಏರಿಸಿದರೆ ತಲೆ ಭಾರವಾಗುವುದು, ಏದುಸಿರು ಬರುವುದು ಸಹಜ. ಅಲ್ಲಿ ನಿಧಾನವಾಗಿ ನಡೆಯಬೇಕು, ನೀರು ಕುಡಿಯುತ್ತಿರಬೇಕು, ಹಿಮ ಕಂಡ ಸಂಭ್ರಮದಲ್ಲಿ ಓಡಬಾರದು. ಹೃದಯದ ಅಥವಾ ಶ್ವಾಸಕೋಶದ ತೊಂದರೆ ಇದ್ದವರು ತಮ್ಮ ವೈದ್ಯರ ಒಪ್ಪಿಗೆಯಿಲ್ಲದೆ ಮೇಲೆ ಹೋಗದಿರುವುದೇ ಲೇಸು. ಕೆಳಗಿನ ಊರಿನಲ್ಲಿ ಕಾಯುವವರಿಗೆ ಟೂರ್ ಮ್ಯಾನೇಜರ್ ವ್ಯವಸ್ಥೆ ಮಾಡಿಕೊಡಬಲ್ಲರು, ಆದರೆ ಹಿಂದಿನ ದಿನವೇ ಹೇಳಬೇಕು.

ಗುಂಪಿನೊಳಗಿನ ನಡೆಗೆ ಸಂಬಂಧಿಸಿ ಎರಡು ಮೂರು ಸಂಗತಿಗಳಿವೆ. ಬಸ್ಸಿನ ಮುಂದಿನ ಆಸನಕ್ಕೆ ಟವೆಲ್ ಹಾಕಿ ಜಾಗ ಹಿಡಿಯುವ ನಮ್ಮ ಪದ್ಧತಿ ಅಲ್ಲಿ ನಡೆಯುವುದಿಲ್ಲ, ಆಸನಗಳು ದಿನಕ್ಕೊಂದು ಸಾಲು ಸರಿಯುತ್ತವೆ. ವೆನಿಸ್ ನಗರವು 2024ರಿಂದ ಮಾರ್ಗದರ್ಶಿಯೊಡನೆ ಹೋಗುವ ಗುಂಪುಗಳಿಗೆ 25 ಜನರ ಮಿತಿ ಹಾಕಿದೆ, ಧ್ವನಿವರ್ಧಕವನ್ನೂ ನಿಷೇಧಿಸಿದೆ. ಆದ್ದರಿಂದ ನಲವತ್ತು ಜನರ ಗುಂಪನ್ನು ಅಲ್ಲಿ ಎರಡಾಗಿ ಒಡೆಯುತ್ತಾರೆ, ಪ್ರತಿಯೊಬ್ಬರ ಕಿವಿಗೂ ಒಂದು ಚಿಕ್ಕ ಯಂತ್ರ ಕೊಡುತ್ತಾರೆ. ಆ ಯಂತ್ರದಲ್ಲಿ ಮಾರ್ಗದರ್ಶಿಯ ದನಿ ಕ್ಷೀಣಿಸತೊಡಗಿದರೆ ನೀವು ಹಿಂದೆ ಬಿದ್ದಿದ್ದೀರಿ ಎಂದರ್ಥ. ತಪ್ಪಿಸಿಕೊಂಡಿರೆಂದು ಅನಿಸಿದ ಕೂಡಲೇ ನಿಂತಲ್ಲಿಯೇ ನಿಲ್ಲಿರಿ. ನೀವೂ ಹುಡುಕುತ್ತ ಹೊರಟರೆ ಹುಡುಕುವವರಿಗೆ ನೀವು ಸಿಗುವುದಿಲ್ಲ. ಹೋಟೆಲಿನ ಕಾರ್ಡು ಮತ್ತು ಟೂರ್ ಮ್ಯಾನೇಜರಿನ ದೂರವಾಣಿ ಸಂಖ್ಯೆ ಕಾಗದದ ಮೇಲೆ ಬರೆದು ಜೇಬಿನಲ್ಲಿ ಇರಲಿ, ಏಕೆಂದರೆ ಮೊಬೈಲಿನ ಬ್ಯಾಟರಿ ಮುಗಿಯುವುದು ಇಂಥ ಹೊತ್ತಿನಲ್ಲಿಯೇ. ಯುರೋಪಿನಾದ್ಯಂತ ತುರ್ತು ಕರೆಯ ಸಂಖ್ಯೆ 112.

ಜೇಬುಗಳ್ಳರು ಗುಂಪನ್ನು ದೂರದಿಂದಲೇ ಗುರುತಿಸುತ್ತಾರೆ. ಐಫೆಲ್ ಗೋಪುರದ ಬುಡದಲ್ಲಿ ಯಾವುದೋ ಮನವಿಗೆ ಸಹಿ ಕೇಳುತ್ತ ಹಾಳೆ ಚಾಚುವ ಹುಡುಗಿಯರು, ಮೋಂಮಾರ್ತ್ರ್ ಗುಡ್ಡದ ಮೆಟ್ಟಿಲಲ್ಲಿ ಕೈಗೆ ದಾರ ಕಟ್ಟಲು ಬರುವವರು, ರೋಮಿನ ತ್ರೆವಿ ಕಾರಂಜಿಯ ಮುಂದೆ ಮೈಗೆ ಮೈ ತಾಗಿಸಿ ನಿಲ್ಲುವವರು, ಇವರ ವಿಷಯದಲ್ಲಿ ಸಭ್ಯತೆ ಬೇಡ, ಕೈ ಹಿಂದಕ್ಕೆ ಎಳೆದುಕೊಂಡು ಮುಂದೆ ನಡೆಯಿರಿ. ಪಾಸ್‌ಪೋರ್ಟ್ ಬಟ್ಟೆಯ ಒಳಗಿನ ಚೀಲದಲ್ಲಿರಲಿ, ಅದರ ನಕಲು ಪ್ರತಿ ಬೇರೆ ಚೀಲದಲ್ಲಿರಲಿ. ಅದು ಕಳೆದರೆ ಪೊಲೀಸರಿಗೆ ದೂರು ಕೊಟ್ಟು ಭಾರತದ ರಾಯಭಾರ ಕಚೇರಿಗೆ ಹೋಗಬೇಕು. ಅಲ್ಲಿ ಅವಸರಕ್ಕೆ ಸಿಗುವ ತುರ್ತು ಪ್ರಮಾಣಪತ್ರವು ಭಾರತಕ್ಕೆ ಒಮ್ಮೆ ಮರಳಲು ಮಾತ್ರ ನಡೆಯುತ್ತದೆ, ಮುಂದಿನ ದೇಶಕ್ಕೆ ಹೋಗಲು ನಡೆಯುವುದಿಲ್ಲ. ಗುಂಪು ಅಷ್ಟರಲ್ಲಿ ಮುಂದಿನ ಊರು ಸೇರಿರುತ್ತದೆ. ಟೂರ್ ಮ್ಯಾನೇಜರ್ ನಿಮ್ಮೊಬ್ಬರಿಗಾಗಿ ಹಿಂದೆ ಉಳಿಯಲಾರರು, ಅದನ್ನು ನಿರ್ದಯೆ ಎಂದು ತಿಳಿಯಬಾರದು.

ಮಾತು ಮುಗಿದ ಮೇಲೆ ಒಬ್ಬರು, ಎಪ್ಪತ್ತಾರು ವರ್ಷದ, ಮೊಣಕಾಲು ನೋವಿರುವ ತಾಯಿಯನ್ನು ಕರೆದೊಯ್ಯಬಹುದೇ ಎಂದು ಕೇಳಿದರು. ವಿಮಾನ ನಿಲ್ದಾಣದ ಗಾಲಿಕುರ್ಚಿಯನ್ನು ಮೊದಲೇ ಕೇಳಿದರೆ ಕೊಡುತ್ತಾರೆ, ಆದರೆ ಅದು ನಿಲ್ದಾಣದ ಬಾಗಿಲಿಗೆ ಮುಗಿಯುತ್ತದೆ. ಅಲ್ಲಿಂದಾಚೆ ಕಲ್ಲುಹಾಸು, ಮೆಟ್ಟಿಲು, ದೋಣಿ ಎಲ್ಲವೂ ಇವೆ. ಅಂಥವರನ್ನು ಯುರೋಪಿಗಿಂತ ಸಿಂಗಪುರಕ್ಕೆ ಕರೆದೊಯ್ಯಿರಿ ಎಂದು ಹೇಳಿದೆ. ಅಲ್ಲಿ ಲಿಫ್ಟು, ಇಳಿಜಾರಿನ ದಾರಿ ಬಹುತೇಕ ಎಲ್ಲ ಕಡೆ ಇವೆ, ಒಂದೇ ಹೋಟೆಲಿನಲ್ಲಿ ಮೂರು ನಾಲ್ಕು ರಾತ್ರಿ ಉಳಿಯುವುದರಿಂದ ದಣಿದ ದಿನ ಕೊಠಡಿಯಲ್ಲಿಯೇ ಇದ್ದುಬಿಡಬಹುದು.

ಒಬ್ಬಳೇ ಹೋಗಬಯಸುವ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು, ಕೊಠಡಿಯನ್ನು ಅಪರಿಚಿತರೊಡನೆ ಹಂಚಿಕೊಳ್ಳಬೇಕೇ ಎಂದು ಕೇಳಿದರು. ಒಂಟಿ ಕೊಠಡಿಗೆ ಹೆಚ್ಚುವರಿ ಹಣವುಂಟು, ಅದು ಸಣ್ಣದಲ್ಲ. ಹಂಚಿಕೊಳ್ಳಲು ಒಪ್ಪಿದರೂ ಜೊತೆಗಾರ್ತಿ ಸಿಗದಿದ್ದರೆ ಆ ಹಣವನ್ನು ಕೊನೆಯಲ್ಲಿ ನಿಮ್ಮಿಂದಲೇ ಕೇಳುವ ಸಂಸ್ಥೆಗಳಿವೆ, ಅದನ್ನು ಮೊದಲೇ ಬರೆಸಿಕೊಳ್ಳಿರಿ ಎಂದೆ. ನನ್ನ ಕೊನೆಯ ಪ್ರವಾಸದಲ್ಲಿ ಜೊತೆಗಾರ್ತಿಯಾಗಿ ಸಿಕ್ಕವರು ಒಳ್ಳೆಯವರೇ, ಗೊರಕೆ ಮಾತ್ರ ಹೊಡೆಯುತ್ತಿದ್ದರು. ಒಂಬತ್ತು ರಾತ್ರಿ ಕಿವಿಗೆ ಹತ್ತಿ ಇಟ್ಟುಕೊಂಡು ಕಳೆದೆ. ಬೀಳ್ಕೊಡುವ ದಿನ ವಿಮಾನ ನಿಲ್ದಾಣದಲ್ಲಿ ಅವರು ಸಂಕೋಚದಿಂದಲೇ, ‘ಟೀಚರ್, ಮುಂದಿನ ಸಲ ಹೋಗುವಾಗ ಗೊರಕೆಗೆ ಏನಾದರೂ ಔಷಧಿ ತೆಗೆದುಕೊಳ್ಳಿರಿ’ ಎಂದು ನನಗೇ ಹೇಳಿದರು.